ಕಿವಿ ಹೋದ ಮೇಲೆ ಹಾಲೇಶ ಕಲಿತ ಎಂಜಿನ್ನು

ಕಡೂರಿನ ಧನಪಾಲನ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಸ್ಪ್ಯಾನರ್ ಹಿಡಿದಿದ್ದ ಹಾಲೇಶನ ಕೈಗೆ ಒಂದು ಸೋಮವಾರ ಬೆಳಿಗ್ಗೆ ನೀರಿನ ಪೈಪು ಬಂತು. ಕೊಟ್ಟವನು ಮಾಲೀಕ ಧನಪಾಲನೇ. ಬಾಯಲ್ಲಿ ಏನೂ ಹೇಳಲಿಲ್ಲ. ಹೇಳಿದ್ದರೂ ಹಾಲೇಶನಿಗೆ ಕೇಳಿಸುತ್ತಿರಲಿಲ್ಲ. ಮೂಲೆಯಲ್ಲಿ ಕೆಸರು ಮೆತ್ತಿಕೊಂಡು ನಿಂತಿದ್ದ ಎರಡು ಜೀಪುಗಳ ಕಡೆ ಬೆರಳು ತೋರಿಸಿ, ಹೆಗಲು ತಟ್ಟಿ ಒಳಗೆ ಹೋದ.

ಜೀಪು ತೊಳೆಯುವುದು ಹಾಲೇಶನಿಗೆ ಅವಮಾನವೇನೂ ಆಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಎಷ್ಟೋ ಗಾಡಿ ತೊಳೆದಿದ್ದ. ಆ ಹೆಗಲು ತಟ್ಟಿದ್ದು ಮಾತ್ರ ತಡೆಯಲಾಗಲಿಲ್ಲ. ಸತ್ತವರ ಮನೆಗೆ ಹೋದವರು ಹಾಗೆ ತಟ್ಟುತ್ತಾರೆ.

ಎರಡು ತಿಂಗಳ ಹಿಂದಿನವರೆಗೂ ಈ ಗ್ಯಾರೇಜಿಗೆ ಬೀರೂರಿನಿಂದ, ತರೀಕೆರೆಯಿಂದ ಗಾಡಿ ಬರುತ್ತಿದ್ದುದೇ ಹಾಲೇಶನ ಕಿವಿಗಾಗಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಮರದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಎರಡನೇ ಸಿಲಿಂಡರು, ವಾಲ್ವು ಸಡ್ಲ ಆಗದೆ" ಎನ್ನುತ್ತಿದ್ದ. ಬಿಚ್ಚಿದರೆ ಹಾಗೇ ಇರುತ್ತಿತ್ತು. ಆಮೇಲೆ ಒಂದು ಜ್ವರ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ. ಜೀವ ಉಳಿಯಿತು, ಎರಡೂ ಕಿವಿ ಉಳಿಯಲಿಲ್ಲ. ನರವೇ ಹೋಗಿದೆ, ಕಿವಿಗೆ ಮಿಷನ್ ಹಾಕಿದರೂ ಅಷ್ಟೇನೂ ಪ್ರಯೋಜನ ಇಲ್ಲ ಎಂದು ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು. ಆಗ ಅವನಿಗೆ ಮೂವತ್ತೊಂಬತ್ತು.

ಹಾಲೇಶ ಪೈಪನ್ನು ನೆಲಕ್ಕೆ ಹಾಕಿ, ನಲ್ಲಿ ನಿಲ್ಲಿಸಿ, ಧನಪಾಲನ ಮೇಜಿನ ಮುಂದೆ ಹೋಗಿ ನಿಂತ.

"ನಾನು ಮೆಕ್ಯಾನಿಕ್ಕು. ಸ್ಪ್ಯಾನರ್ ಕೊಡಿ."

ಧನಪಾಲ್ ಒಂದು ಚೀಟಿ ಎಳೆದುಕೊಂಡು ಬರೆದ: 'ಎಂಜಿನ್ ಶಬ್ದ ಕೇಳದವನು ಏನು ರಿಪೇರಿ ಮಾಡ್ತೀಯ? ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ.'

ಹಾಲೇಶ ಅದನ್ನು ಎರಡು ಸಲ ಓದಿದ. ಆಮೇಲೆ ತನ್ನ ಸ್ವಂತದ ಟೂಲ್ ಪೆಟ್ಟಿಗೆಯನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಸ್ಟೇಷನ್ನಿಗೆ ನಡೆದು, ತನ್ನೂರು ಅಜ್ಜಂಪುರಕ್ಕೆ ಮಧ್ಯಾಹ್ನದ ರೈಲು ಹತ್ತಿದ.

ಮನೆಯಲ್ಲಿ ಅವನ ಹೆಂಡತಿ ಪ್ರತಿಮಾ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಅವಳು ಅಲ್ಲಿ ಮಕ್ಕಳ ಬಿಸಿಯೂಟದ ಅಡುಗೆಯವಳು. ಎದುರಿಗೆ ಕೂತು, ತುಟಿಯನ್ನು ನಿಧಾನವಾಗಿ ಆಡಿಸಿ ಮಾತಾಡುವುದನ್ನು ಇಷ್ಟರಲ್ಲೇ ಕಲಿತುಬಿಟ್ಟಿದ್ದಳು. ಹಾಲೇಶನಿಗೆ ಅರ್ಥವಾಗುತ್ತಿದ್ದ ತುಟಿಗಳೆಂದರೆ ಅವಳವು ಮಾತ್ರ. ಟೂಲ್ ಪೆಟ್ಟಿಗೆ ನೋಡಿ ಕೇಳಿದಳು:

"ಬಿಟ್ಬಂದ್ರಾ?"

"ಹ್ಞೂ. ಗಾಡಿ ತೊಳಿ ಅಂದ."

"ಒಳ್ಳೇದಾಯ್ತು. ತೊಳ್ಕೊಂಡು ಕೂತಿದ್ರೆ ನಾನೇ ಬಂದು ಕರ್ಕೊಂಡು ಬತ್ತಿದ್ದೆ."

ಅಷ್ಟು ಹೇಳಿ ತಟ್ಟೆ ಹಾಕಿದಳು. ಹಾಲೇಶನಿಗೆ ಆವತ್ತು ಮೊದಲ ಸಲ ಅಳು ಬಂತು. ಅಳುತ್ತಲೇ ಉಂಡ.

ಒಂದು ತಿಂಗಳು ಕಳೆಯಿತು. ತರೀಕೆರೆಯಲ್ಲಿ ಗಾಡಿಗಳ ಎಲೆಕ್ಟ್ರಾನಿಕ್ಸ್ ಬಗ್ಗೆ ನಾಲ್ಕು ತಿಂಗಳ ತರಬೇತಿ ಇದೆ ಎಂಬ ಚೀಟಿಯನ್ನು ಅವನು ಬಸ್ ನಿಲ್ದಾಣದ ಗೋಡೆಯ ಮೇಲೆ ನೋಡಿದ. ಮಾರನೇ ದಿನವೇ ಹೋದ. ಕೌಂಟರಿನಲ್ಲಿ ಕೂತಿದ್ದವನು ಅವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಾದ ಕೂಡಲೇ ಅರ್ಜಿಯನ್ನು ವಾಪಸು ತಳ್ಳಿದ. ಹಾಲೇಶ ಅದನ್ನು ಮತ್ತೆ ಒಳಗೆ ತಳ್ಳಿದ. ಅವನು ಮತ್ತೆ ಹೊರಗೆ ತಳ್ಳಿದ. ಹಾಲೇಶ ಹೊರಗೆ ಬಂದು ಮೆಟ್ಟಿಲ ಮೇಲೆ ದಾರಿಗೆ ಅಡ್ಡವಾಗಿ ಕೂತ. ಹೋಗುವವರು ಬರುವವರು ಅವನನ್ನು ದಾಟಿಕೊಂಡೇ ಹೋಗಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಪಾಠ ಹೇಳುವ ಯಶೋಧರಾ ಮೇಡಂ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಸೀರೆಯ ಮೇಲೆ ನೀಲಿ ಕೋಟು. ವಿಷಯ ತಿಳಿದುಕೊಂಡು, ತಮ್ಮ ಫೋನಿನಲ್ಲಿ ಟೈಪು ಮಾಡಿ ತೋರಿಸಿದರು: 'ನಿಮಗೆ ಏನೇನು ಬರುತ್ತೆ?'

"ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸ್ತೀನಿ. ಕೇಳ್ಸೋದೊಂದಿಲ್ಲ."

ಮೇಡಂ ಮತ್ತೆ ಟೈಪು ಮಾಡಿದರು: 'ವೈರಿನಲ್ಲಿ ಹರಿಯೋ ಕರೆಂಟು ಯಾರ ಕಿವಿಗೂ ಕೇಳಿಸಲ್ಲ. ಒಳಗೆ ಬನ್ನಿ.'

ಅವರೇ ಅವನ ಫೋನಿಗೆ, ಆಡಿದ ಮಾತನ್ನು ಅಕ್ಷರ ಮಾಡಿ ತೋರಿಸುವ ಆ್ಯಪ್ ಹಾಕಿಕೊಟ್ಟರು. ಪಾಠದ ಹೊತ್ತಿಗೆ ಹಾಲೇಶ ಫೋನನ್ನು ಅವರ ಮೇಜಿನ ಮೇಲಿಟ್ಟು, ಮುಂದಿನ ಬೆಂಚಿನಲ್ಲಿ ಕೂತು ಓದುತ್ತಿದ್ದ. ಅದೂ ಒಂದೊಂದು ಸಲ ಎಡವುತ್ತಿತ್ತು. ಮೇಡಂ 'ಕ್ಯಾಮ್ ಶಾಫ್ಟ್' ಎಂದರೆ ಅದು 'ಕಾಮ ಶಾಪ' ಎಂದು ಬರೆಯಿತು. ಹಾಲೇಶ ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಜ್ವರ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ಆದರೆ ಆ ಪಾಠವೇ ಅವನನ್ನು ಹಿಡಿದು ಅಲ್ಲಾಡಿಸಿದ್ದು. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ ಎಂಬುದು ಅವನಿಗೆ ಕೈಯಾರೆ ಗೊತ್ತಿತ್ತು. ಒಂದು ಸಲ ಪೆಟ್ರೋಲು ಬೆರೆತ ಗಾಳಿಯನ್ನು ಅದುಮಿ ಬೆಂಕಿಗೆ ಸಿದ್ಧ ಮಾಡಲು, ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರದೂಡಲು. ಪಿಸ್ಟನ್ನಿಗೆ ಸೇರಿಕೊಂಡ ಕೆಳಗಿನ ದಂಡ, ಕ್ರ್ಯಾಂಕ್, ಎರಡು ಸುತ್ತು ಸುತ್ತಿದರೆ ವಾಲ್ವುಗಳನ್ನು ತೆರೆದು ಮುಚ್ಚುವ ಮೇಲಿನ ಕ್ಯಾಮ್ ಶಾಫ್ಟ್ ಒಂದು ಸುತ್ತು. ಅದೂ ಗೊತ್ತು. ಪಿಸ್ಟನ್ ಮೇಲೆ ಬಂದಿರುವುದು ಬೆಂಕಿಗೋ ಹೊಗೆಗೋ ಎಂದು ಕಿಡಿ ಹಚ್ಚುವ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆಯನ್ನು ಹದಿನೆಂಟು ವರ್ಷದಲ್ಲಿ ಅವನು ಕೇಳಿಕೊಂಡೇ ಇರಲಿಲ್ಲ. ಕ್ರ್ಯಾಂಕಿನ ಸೆನ್ಸರು 'ಮೇಲೆ ಬಂದಿದೆ' ಎಂದಷ್ಟೇ ಹೇಳೀತು. 'ಯಾವುದಕ್ಕೆ ಬಂದಿದೆ' ಎಂದು ಹೇಳುವುದು ಕ್ಯಾಮಿನ ಸೆನ್ಸರು.

ಅದು ಹೆಬ್ಬೆರಳಷ್ಟು ಗಾತ್ರದ ಕಪ್ಪು ಸಾಮಾನು. ಒಳಗೊಂದು ಆಯಸ್ಕಾಂತ, ಹೊರಗೆ ಮೂರು ವೈರು. ಕ್ಯಾಮ್ ಶಾಫ್ಟಿನ ತುದಿಯ ಹಲ್ಲುಚಕ್ರದ ಎದುರು ಕೂತಿರುತ್ತದೆ. ಕಬ್ಬಿಣದ ಹಲ್ಲು ಎದುರಿಗೆ ಬಂದರೆ ವೋಲ್ಟು ಬೀಳುತ್ತದೆ, ಹಲ್ಲು ದಾಟಿದರೆ ಏಳುತ್ತದೆ. ಹಲ್ಲುಗಳು ಒಂದೇ ಅಗಲದವಲ್ಲ. ಅಗಲದ್ದು ಯಾವಾಗ ಬಂತು, ಸಣ್ಣದು ಯಾವಾಗ ಬಂತು ಎಂದು ನೋಡಿ ಕಂಪ್ಯೂಟರು ಶಾಫ್ಟು ಎಲ್ಲಿಗೆ ತಿರುಗಿದೆ ಎಂದು ತಿಳಿದುಕೊಳ್ಳುತ್ತದೆ. ಮೇಡಂ ಇದನ್ನು ಸ್ಕೋಪು ಎಂಬ ಪುಟ್ಟ ಪರದೆಗೆ ಜೋಡಿಸಿ ತೋರಿಸಿದರು. ಬೀಳುವುದು ಏಳುವುದು ಸೇರಿ ಕೋಟೆಗೋಡೆಯ ನೆತ್ತಿಯ ಏರುತಗ್ಗಿನ ತೆನೆಗಳ ಹಾಗೆ ಸಾಲು ಸಾಲಾಗಿ ಸರಿದು ಹೋಯಿತು. ಅದರ ಮೇಲೆ ಕ್ರ್ಯಾಂಕಿನ ಸಾಲು, ಬಾಚಣಿಗೆಯಂತೆ ಒತ್ತೊತ್ತಾಗಿ, ಸುತ್ತಿಗೊಂದು ಕಡೆ ಎರಡು ಹಲ್ಲು ಬಿದ್ದುಹೋದ ಬಾಯಿಯಂತೆ.

ಕ್ರ್ಯಾಂಕನ್ನೂ ಕ್ಯಾಮನ್ನೂ ಒಳಗೆ ಕಟ್ಟಿಹಾಕಿರುವುದು ಒಂದು ಚೈನು. 'ಈ ಎರಡು ಸಾಲು ಒಂದಕ್ಕೊಂದು ಎಲ್ಲಿ ಹೊಂದುತ್ತವೆ ಅಂತ ನೋಡಿದರೆ, ಮುಚ್ಚಳ ತೆಗೆಯದೇ ಚೈನಿನ ಸ್ಥಿತಿ ಹೇಳಬಹುದು' ಎಂದು ಫೋನಿನ ಮೇಲೆ ಅಕ್ಷರ ಬಂತು.

ಹಾಲೇಶ ಎದ್ದು ನಿಂತ. "ಮುಚ್ಚಳ ತೆಗೀದೇನೇ?"

ಮೇಡಂ ಹೌದೆಂದು ತಲೆಯಾಡಿಸಿದರು. ಸ್ಕ್ರೂಡ್ರೈವರ್ ಕಿವಿಗಿಟ್ಟು ತಾನು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ ಎಂದು ಅವನಿಗೆ ಅನ್ನಿಸಿತು. ಬಸ್ಸಿನಲ್ಲಿ ಅಜ್ಜಂಪುರಕ್ಕೆ ವಾಪಸು ಬರುವಾಗ ಕಿಟಕಿಯ ಮಂಜಿನ ಮೇಲೆ ಬೆರಳಲ್ಲಿ ತೆನೆ ಬರೆದುಕೊಂಡು ಬಂದ.

ತರಬೇತಿ ಮುಗಿದ ಮೇಲೆ ಅಜ್ಜಂಪುರದಲ್ಲಿ, ತರೀಕೆರೆ ರಸ್ತೆಯ ಬದಿಗೆ ನಾಲ್ಕು ತಗಡು ಹೊದಿಸಿ ಒಂದು ಶೆಡ್ಡು ಹಾಕಿದ. ಅಂಗೈಯಗಲದ ಒಂದು ಸ್ಕೋಪು ತಂದ. ಗಾಡಿ ಬರಲಿಲ್ಲ. ಸುಮ್ಮನೆ ಕೂರುವ ಜಾತಿಯೂ ಅವನಲ್ಲ. ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, "ನಿಮ್ಮ ಗಾಡಿ ಚೆನ್ನಾಗೈತಲ್ಲ, ಒಂದೈದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಸಿ" ಎಂದು ಕೇಳತೊಡಗಿದ. ಡ್ರೈವರುಗಳು ನಕ್ಕರು. ಕೆಟ್ಟ ಗಾಡಿ ನೋಡುವವರನ್ನು ಕಂಡಿದ್ದರು, ಚೆನ್ನಾಗಿರುವ ಗಾಡಿಯನ್ನು ನೋಡುತ್ತೇನೆ ಎನ್ನುವವನನ್ನು ಕಂಡಿರಲಿಲ್ಲ. ಹಾಲೇಶನಿಗೆ ನಗು ಕೇಳಿಸುತ್ತಿರಲಿಲ್ಲ, ಹಲ್ಲು ಕಾಣುತ್ತಿತ್ತು. "ನಗಿ, ನಗಿ. ಬಾನೆಟ್ ಮಾತ್ರ ಎತ್ತಿ" ಎನ್ನುತ್ತಿದ್ದ. ಕೆಮ್ಮಣ್ಣುಗುಂಡಿಗೆ ಜನ ಒಯ್ಯುವ ಜೀಪು, ಬಾಡಿಗೆ ಕಾರು, ಪಶುವೈದ್ಯರ ಕಾರು, ಯಾವುದನ್ನೂ ಬಿಡಲಿಲ್ಲ. ಒಂದೊಂದರ ಎರಡು ಸಾಲನ್ನೂ ಡ್ರಾಯಿಂಗ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಕ್ರ್ಯಾಂಕಿನ ಎಷ್ಟನೇ ಹಲ್ಲಿಗೆ ಕ್ಯಾಮಿನ ತೆನೆ ಬೀಳುತ್ತದೆ ಎಂದು ಗುರುತು ಹಾಕಿದ. ಎರಡು ವರ್ಷದಲ್ಲಿ ನಲವತ್ತಮೂರು ಗಾಡಿ ಆದವು. ಅಷ್ಟರಲ್ಲಿ ವೈರು, ಬ್ಯಾಟರಿ, ಲೈಟಿನ ಕೆಲಸಕ್ಕೆ ಜನ ಅಲ್ಪಸ್ವಲ್ಪ ಬರತೊಡಗಿದ್ದರು. ಎಂಜಿನ್ನಿನ ಕೆಲಸಕ್ಕೆ ಮಾತ್ರ ಅವನ ಶೆಡ್ಡು ದಾಟಿ ಕಡೂರಿಗೆ ಹೋಗುತ್ತಿದ್ದರು.

ಕೊಬ್ಬರಿ ವ್ಯಾಪಾರದ ಓಂಕಾರಮೂರ್ತಿ ಕೂಡ ನಂಬಿಕೆಯಿಂದ ಬಂದವರಲ್ಲ. ಅವರ ಬಿಳಿ ಕಾರು ಶೆಡ್ಡಿನ ಎದುರಿಗೇ ನಿಂತುಹೋಯಿತು. ಬೇರೆ ದಾರಿ ಇಲ್ಲದೆ ಇಳಿದು ಬಂದು, ಹಾಲೇಶ ಮುಂದೆ ಹಿಡಿದ ಫೋನಿಗೆ ಸಿಟ್ಟಿನಲ್ಲಿ ಹೇಳಿದರು: "ಮೂರು ತಿಂಗ್ಳಿಂದ ಇದೇ ಗೋಳು ಕಣಪ್ಪಾ. ಬೇಗ ಸ್ಟಾರ್ಟ್ ಆಗಲ್ಲ, ಏರು ಬಂದ್ರೆ ಜಗ್ಗತ್ತೆ, ಹಳದಿ ಲೈಟು ಆರಲ್ಲ. ಧನಪಾಲ್ ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕ್ದಾಗೆಲ್ಲ ಕ್ಯಾಮ್ ಸೆನ್ಸರ್ ಅಂತ ಬರತ್ತೆ. ಮೂರು ಸಲ ಹೊಸಾದು ಹಾಕಿದ್ರು. ನಾಲ್ಕು ದಿನ ಆದ್ರೆ ಮತ್ತೆ ಅದೇ."

ಹಾಲೇಶ ಮೂರು ವೈರನ್ನೂ ಅಳೆದ. ಸೆನ್ಸರಿಗೆ ಹೋಗುವ ಐದು ವೋಲ್ಟು ಸರಿ ಇತ್ತು, ಅರ್ಥಿಂಗು ಸರಿ ಇತ್ತು. ಸ್ಕೋಪು ಜೋಡಿಸಿ ಸ್ಟಾರ್ಟ್ ಮಾಡಿಸಿದ. ತೆನೆಗಳು ಚೊಕ್ಕವಾಗಿ, ಒಂದೂ ಹರಿಯದೆ ಬರುತ್ತಿದ್ದವು. ಸೆನ್ಸರಿಗೆ ಯಾವ ರೋಗವೂ ಇರಲಿಲ್ಲ. ಡ್ರಾಯಿಂಗ್ ಪುಸ್ತಕ ತೆಗೆದು ಅದೇ ಮಾದರಿಯ ಒಂದು ಟ್ಯಾಕ್ಸಿಯ ಪುಟ ಹುಡುಕಿದ. ಅದರಲ್ಲಿ ಕ್ರ್ಯಾಂಕಿನ ಬಿದ್ದ ಹಲ್ಲಿನ ಜಾಗದಿಂದ ಎಣಿಸಿದರೆ ಹದಿನೆಂಟನೇ ಹಲ್ಲಿಗೆ ಕ್ಯಾಮಿನ ತೆನೆ ಬೀಳುತ್ತಿತ್ತು. ಇಲ್ಲಿ ಹತ್ತೊಂಬತ್ತು ದಾಟಿ, ಇಪ್ಪತ್ತಕ್ಕೆ ಮುಟ್ಟುವ ಹಾಗೆ ಬೀಳುತ್ತಿತ್ತು. ಕ್ಯಾಮು ತಡವಾಗಿ ತಿರುಗುತ್ತಿದೆ. ಸೆನ್ಸರು ಆ ತಡವನ್ನು ನಿಯತ್ತಾಗಿ ಹೇಳುತ್ತಿದೆ. ಗ್ಯಾರೇಜಿನವರು ಅದು ಹೇಳಿದ್ದನ್ನು ಕೇಳದೆ, ಹೇಳಿದವನನ್ನೇ ಮೂರು ಸಲ ಕಿತ್ತು ಬಿಸಾಕಿದ್ದಾರೆ.

"ಸೆನ್ಸರ್ ಸರಿ ಇದೆ ಯಜಮಾನ್ರೇ. ಒಳಗೆ ಚೈನು ಸಡ್ಲ ಆಗದೆ. ಗಾಡಿ ಇಲ್ಲೇ ಇರ್ಲಿ. ಬೆಳಿಗ್ಗೆ ತಣ್ಣಗಿರೋವಾಗ ಇನ್ನೊಂದ್ಸಲ ನೋಡ್ಬೇಕು."

ಓಂಕಾರಮೂರ್ತಿ ಅನುಮಾನದಿಂದಲೇ ಬಸ್ಸು ಹತ್ತಿದರು.

ಬೆಳಿಗ್ಗೆ ಆರೂವರೆಗೆ ಹಾಲೇಶ ಪ್ರತಿಮಾಳನ್ನು ಶೆಡ್ಡಿಗೆ ಕರೆತಂದ. ಉದ್ದನೆಯ ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟು, ತುದಿಯನ್ನು ಎಂಜಿನ್ನಿನ ಮುಂದಿನ ಮುಚ್ಚಳದ ಮೇಲೆ ಇಡಿಸಿ, ಹಿಡಿಯನ್ನು ಕಿವಿಗೆ ಒತ್ತಲು ಹೇಳಿದ.

"ನಂಗೇನ್ ಗೊತ್ತಾಗತ್ತೆ ಇದು?" ಎಂದಳು ಪ್ರತಿಮಾ.

"ಗೊತ್ತಾಗೋದು ಬೇಡ ಕಣೇ. ಏನು ಕೇಳ್ತು ಅಂತ ಹೇಳು, ಸಾಕು."

ಕೀ ತಿರುಗಿಸಿದ. ಬಹಳ ಹೊತ್ತು ಎಳೆದು ಎಂಜಿನ್ನು ಹತ್ತಿಕೊಂಡಿತು. ಪ್ರತಿಮಾ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. ಆಮೇಲೆ ಅವನ ಎದುರಿಗೆ ಬಂದು ತುಟಿಯಾಡಿಸಿದಳು:

"ಬಾಂಡ್ಲಿಯಲ್ಲಿ ಮರಳು ಹಾಕಿ ಕಡ್ಲೆ ಹುರಿದಂಗೆ. ಗರಗರಗರ ಅಂತು. ಎರಡು ಉಸಿರು ಬಿಡೋವಷ್ಟು. ಆಮೇಲೆ ನಿಂತ್ಹೋಯ್ತು."

ಹಾಲೇಶನಿಗೆ ಆ ಸದ್ದು ತಲೆಯೊಳಗೆ ಎದ್ದು ಬಂತು. ಎಣ್ಣೆಯ ಒತ್ತಡ ಏರುವ ಮೊದಲು ಸಡಿಲ ಚೈನು ಮುಚ್ಚಳದ ಒಳಗೋಡೆಗೆ ಬಡಿಯುವ ಸದ್ದು. ಎಷ್ಟು ಸಲ ಕೇಳಿದ್ದ! ಗ್ಯಾರೇಜಿಗೆ ಮುಟ್ಟುವ ಹೊತ್ತಿಗೆ ಎಂಜಿನ್ನು ಬಿಸಿಯಾಗಿರುತ್ತದೆ, ಆಗ ಅದು ಬಾಯಿ ಬಿಡುವುದಿಲ್ಲ. ಕಿವಿ ಇದ್ದವರು ಯಾರೂ ಬೆಳಿಗ್ಗೆ ಎದ್ದು ಕೇಳಿರಲಿಲ್ಲ.

ಮುಂದಿನ ಮುಚ್ಚಳ ಬಿಚ್ಚಲು ಎಂಜಿನ್ನನ್ನು ಎತ್ತಿ ಹಿಡಿಯುವ ಸಾಮಾನು ಬೇಕು. ಅದು ಹಾಲೇಶನ ಶೆಡ್ಡಿನಲ್ಲಿ ಇರಲಿಲ್ಲ, ಧನಪಾಲನ ಗ್ಯಾರೇಜಿನಲ್ಲಿತ್ತು. ಓಂಕಾರಮೂರ್ತಿ ಬಂದು ಮುಂದೇನು ಎಂದು ಕೇಳಿದಾಗ ಹಾಲೇಶ ಒಂದು ಕ್ಷಣವೂ ತಡಮಾಡಲಿಲ್ಲ. "ನಡೀರಿ, ಅಲ್ಲೇ ಬಿಚ್ಚಿಸಾಣ. ನಾನೂ ಬತ್ತೀನಿ" ಎಂದು ಕಾರು ಹತ್ತಿದ.

ಎರಡೂವರೆ ವರ್ಷದ ಮೇಲೆ ಆ ಗೇಟು ದಾಟಿದ. ಧನಪಾಲ್ ಓಂಕಾರಮೂರ್ತಿಯವರನ್ನು ಪಕ್ಕಕ್ಕೆ ಕರೆದು, ಹಾಲೇಶನ ಕಡೆಗೆ ಬೆನ್ನು ಮಾಡಿ ಮಾತಾಡತೊಡಗಿದ. ತುಟಿ ಕಾಣದಿರಲಿ ಎಂದೇ ಹಾಗೆ ನಿಂತಿದ್ದ. ಹಾಲೇಶನ ಫೋನು ಕಾರಿನ ಬಾನೆಟ್ಟಿನ ಮೇಲೆ, ಧನಪಾಲನ ಮೊಣಕೈಯ ಹತ್ತಿರವೇ ಇತ್ತು. ಆ್ಯಪು ನಡೆಯುತ್ತಲೇ ಇತ್ತು. ಹಾಲೇಶ ಬಗ್ಗಿ ನೋಡಿದ. ಅಕ್ಷರಗಳು ಒಂದೊಂದಾಗಿ ಬರುತ್ತಿದ್ದವು. ಫೋನು ಎತ್ತಿಕೊಂಡು, ಗ್ಯಾರೇಜಿನ ಮೂಲೆ ಮೂಲೆಗೂ ಮುಟ್ಟುವ ಹಾಗೆ ಓದಿದ:

"'ಕಿವುಡನ ಮಾತು ಕೇಳ್ಕೊಂಡು ಎಂಜಿನ್ ಬಿಚ್ಚೋಕಾಗತ್ತಾ ಸ್ವಾಮಿ. ಪಾಪ, ಹೊಟ್ಟೆಪಾಡಿಗೆ ಏನೋ ಹೇಳ್ತಾನೆ. ಇನ್ನೊಂದು ಸೆನ್ಸರ್ ಹಾಕಿ ಕೊಡ್ತೀನಿ.'"

ಕೆಲಸ ಮಾಡುತ್ತಿದ್ದವರೆಲ್ಲ ತಲೆ ಎತ್ತಿದರು. ಧನಪಾಲ್ ತಿರುಗಿದ. ಮುಖ ಕೆಂಪಾಗಿತ್ತು.

"ಹೇಳೋದಿದ್ರೆ ಮುಖ ನೋಡ್ಕೊಂಡು ಹೇಳಿ" ಎಂದ ಹಾಲೇಶ. "ಕಿವುಡ ಹೌದು, ಅದ್ರಲ್ಲಿ ಸುಳ್ಳೇನಿಲ್ಲ. ಪಾಪ ಗೀಪ ಬ್ಯಾಡ. ನಿಮ್ಮ ಸೆನ್ಸರು ಮೂರು ತಿಂಗ್ಳಿಂದ ಕೂಗ್ತಾ ಐತೆ, ಚೈನು ಹಿಂದೆ ಬಿದ್ದದೆ ಅಂತ. ಕಿವಿ ಇರೋರು ಯಾರಾದ್ರೂ ಕೇಳಿದ್ರಾ? ಬಿಚ್ಚಿ. ಚೈನು ಸರಿ ಇದ್ರೆ ಇಲ್ಲಿರೋ ಗಾಡಿ ಅಷ್ಟನ್ನೂ ತೊಳ್ದುಕೊಟ್ಟು ಹೋಗ್ತೀನಿ."

ಓಂಕಾರಮೂರ್ತಿ ಇಬ್ಬರನ್ನೂ ನೋಡಿದರು. ಆಮೇಲೆ ಕಾರಿನ ಕೀಯನ್ನು ಹಾಲೇಶನ ಅಂಗೈಗೆ ಹಾಕಿದರು.

ಬಿಚ್ಚಿದವನು ಹಾಲೇಶನೇ. ಹಳೆಯ ಜೊತೆಗಾರ ವಿಶ್ವನಾಥ್ ಕೇಳದೆಯೇ ಬಂದು ಎಂಜಿನ್ನಿನ ಆ ಬದಿಗೆ ನಿಂತು ಕೈ ಕೊಟ್ಟ. ಎರಡು ಗಂಟೆ ಕೆಲಸದ ಮೇಲೆ ಮುಂದಿನ ಮುಚ್ಚಳ ಕಳಚಿತು. ಚೈನನ್ನು ಬಿಗಿಯಾಗಿ ಹಿಡಿಯಬೇಕಾದ ಟೆನ್ಷನರು ತನ್ನ ಕೊನೆಯವರೆಗೂ ಚಾಚಿಕೊಂಡಿತ್ತು, ಇನ್ನು ಚಾಚಲು ಜಾಗವಿರಲಿಲ್ಲ. ಅದರ ಪ್ಲಾಸ್ಟಿಕ್ ಪಟ್ಟಿಯಲ್ಲಿ ಚೈನು ಉಜ್ಜಿ ಉಜ್ಜಿ ಎರಡು ಗೀರು ಕೊರೆದಿತ್ತು. ಹಾಲೇಶ ಹೆಬ್ಬೆರಳಿನಿಂದ ಚೈನನ್ನು ಒತ್ತಿದ. ಒಗೆದ ಬಟ್ಟೆ ಹಾಕುವ ಹಗ್ಗದ ಹಾಗೆ ಒಳಕ್ಕೆ ಬಾಗಿತು.

"ಒತ್ತಿ ನೋಡಿ ಯಜಮಾನ್ರೇ" ಎಂದ. ಓಂಕಾರಮೂರ್ತಿ ಒತ್ತಿ ನೋಡಿದರು. ಆಮೇಲೆ ಧನಪಾಲನ ಕಡೆ ತಿರುಗಿ ಏನೋ ಹೇಳಿದರು. ಹಾಲೇಶ ಫೋನು ನೋಡಲಿಲ್ಲ. ಧನಪಾಲನ ಮುಖ ನೋಡಿದರೆ ಸಾಕಾಗಿತ್ತು.

ಹೊಸ ಚೈನು ಬಂದು ಕೂರುವ ಹೊತ್ತಿಗೆ ಮಾರನೇ ದಿನ ಮಧ್ಯಾಹ್ನ. ಹಾಲೇಶ ಸ್ಕೋಪು ಜೋಡಿಸಿ ಕೀ ತಿರುಗಿಸಿದ. ತೆನೆ ಹದಿನೆಂಟನೇ ಹಲ್ಲಿಗೆ ಸರಿಯಾಗಿ ಬಿತ್ತು. ಹಳದಿ ಲೈಟು ಆರಿತು. ತಲೆ ಎತ್ತಿದಾಗ ವಿಶ್ವನಾಥನ ಮುಖ ಅರಳಿತ್ತು. ಸುತ್ತ ನಿಂತಿದ್ದವರೆಲ್ಲ ಯಾವುದೋ ಸದ್ದಿಗೆ ಕಿವಿಗೊಟ್ಟು ತಲೆದೂಗುತ್ತಿದ್ದರು. ಎಂಜಿನ್ನು ಚೆನ್ನಾಗಿ ಹಾಡುತ್ತಿರಬೇಕು. ಆ ಸದ್ದು ತನಗೊಬ್ಬನಿಗೆ ಇಲ್ಲ ಎಂದು ಹಾಲೇಶನ ಎದೆಯಲ್ಲಿ ಏನೋ ಚುಚ್ಚಿತು. ಗೆದ್ದ ದಿನವೂ ಅದು ಚುಚ್ಚುವುದನ್ನು ಬಿಡಲಿಲ್ಲ. ಅಂಗೈಯನ್ನು ಬಾನೆಟ್ಟಿನ ಅಂಚಿಗೆ ಊರಿ, ಎಂಜಿನ್ನು ಆರಿಸಿ ಅದರ ನಡುಕ ನಿಲ್ಲುವವರೆಗೂ ಹಾಗೇ ನಿಂತ.

ಹೊರಡುವಾಗ ಧನಪಾಲ್ ಈ ಸಲ ಎದುರಿಗೇ ಬಂದು, ಹಾಲೇಶನ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದ: "ವಾಪಸ್ ಬಾರಪ್ಪಾ. ಸೆನ್ಸರ್ ಕೆಲ್ಸ ಪೂರ್ತಿ ನೀನೇ ನೋಡ್ಕೋ."

ಹಾಲೇಶ ಓದಿದ. "ಬರಲ್ಲ. ನಿಮ್ಗೆ ಬೇಕಾದ್ರೆ ಗಾಡಿನ ಅಜ್ಜಂಪುರಕ್ಕೆ ಕಳ್ಸಿ. ನೋಡ್ತೀನಿ" ಎಂದು ಹೇಳಿ ಟೂಲ್ ಪೆಟ್ಟಿಗೆ ಎತ್ತಿಕೊಂಡ.

ಆಮೇಲೆ ಧನಪಾಲ್ ಕಳಿಸಿದ. ವಾರಕ್ಕೊಂದು, ಎರಡು. ಬೇರೆಯವರೂ ಬರತೊಡಗಿದರು. ಶೆಡ್ಡಿನ ಪಕ್ಕಕ್ಕೆ ಇನ್ನೊಂದು ಶೆಡ್ಡು ಎದ್ದಿತು, ಎಂಜಿನ್ ಎತ್ತುವ ಸಾಮಾನೂ ಬಂತು. ಹಾಗೆಂದು ಎಲ್ಲರೂ ನಂಬಿದರೆಂದಲ್ಲ. ಈಗಲೂ ಕೆಲವರು ಬಂದು, ಅವನಿಗೆ ಕೇಳಿಸುವುದಿಲ್ಲ ಎಂದು ಗೊತ್ತಾದ ಕೂಡಲೇ ಮುಗುಳ್ನಕ್ಕು, ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಅವನು ಕರೆಯುವುದಿಲ್ಲ.

ಹೋದ ತಿಂಗಳು ಯಶೋಧರಾ ಮೇಡಂ ಹೊಸ ತಂಡಕ್ಕೆ ಕ್ಯಾಮ್ ಸೆನ್ಸರಿನ ಪಾಠ ಮಾಡಲು ಅವನನ್ನು ತರೀಕೆರೆಗೆ ಕರೆಸಿದರು. ಇಪ್ಪತ್ತೆರಡು ಜನ ಕೂತಿದ್ದರು. ಹಾಲೇಶ ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನವರು ಬೆಚ್ಚಿ ಹಿಂದಕ್ಕೆ ಸರಿದರು. ಮೇಡಂ ನಗುತ್ತ ಕಪ್ಪುಹಲಗೆಯ ಮೂಲೆಯಲ್ಲಿ 'ಸ್ವಲ್ಪ ಮೆಲ್ಲಗೆ' ಎಂದು ಬರೆದರು.

"ಮೆಲ್ಲಗೆ ಅಂದ್ರೆ ಎಷ್ಟು ಅಂತ ನಂಗೆ ಗೊತ್ತಾಗಲ್ಲ ಮೇಡಂ" ಎಂದ ಹಾಲೇಶ. "ಜೋರಾಗೇ ಹೇಳ್ತೀನಿ. ಕೊನೇ ಬೆಂಚಿನೋರ್ಗೂ ಕೇಳ್ಲಿ."

ಸ್ಕೋಪು ಜೋಡಿಸಿ, ಎಂಜಿನ್ನು ಸ್ಟಾರ್ಟ್ ಮಾಡಿಸಿ, ಬಗ್ಗಿ, ಸೆನ್ಸರಿನ ಮೂರು ವೈರಿನ ಕೊಂಡಿಯನ್ನು ಹುಡುಕಿ ಹಿಡಿದ. "ಈಗ ಇದನ್ನ ಕೀಳ್ತೀನಿ. ಪರದೆ ಮೇಲೆ ಏನಾಯ್ತು ಅಂತ ನೀವು ಹೇಳ್ಬೇಕು" ಎಂದು ಎಳೆದ.